ಗಾಳಿಯಕ್ಕಂಗೆ ಕೇಳಿಸದ ಶಿಳ್ಳೆ

ಗಾಳಿಯಕ್ಕ ಯಾವ ರೂಮಿಗೆ ಕಾಲಿಟ್ರೂ ಮೊದಲು ಮನುಷ್ಯರ ಮುಖ ನೋಡಲ್ಲ, ಛಾವಣಿ ನೋಡ್ತಾರೆ. "ಬನ್ನಿ, ಕೂತ್ಕೊಳ್ಳಿ" ಅಂದ್ರೆ ಕೂರ್ತಾರೆ, ಕಣ್ಣು ಮಾತ್ರ ಮೇಲೇನೇ. ಗಾಳಿ ಎಲ್ಲಿಂದ ಬರ್ತಿದೆ, ಎಲ್ಲಿಂದ ಹೋಗ್ತಿದೆ, ಜಾಲರಿ ಮೇಲೆ ಎಷ್ಟು ಧೂಳಿದೆ, ಇದೆಲ್ಲ ನೋಡಿ ಮುಗಿದ್ಮೇಲೇನೇ "ಹೂಂ, ಚೆನ್ನಾಗಿದೀರಾ" ಅನ್ನೋದು. ಒಂದ್ಸಲ ಯಾರದೋ ಮದುವೇಲಿ ವೇದಿಕೆ ಹತ್ತಿದವರು ಮದುಮಕ್ಕಳ ತಲೆ ಮೇಲಿನ ಪೈಪನ್ನೇ ದಿಟ್ಟಿಸ್ತಾ ನಿಂತ್ಬಿಟ್ರು. ಆ ಫೋಟೋ ಈಗಲೂ ಇದೆ. ಮೂರು ಜನ ಹಲ್ಲು ಬಿಟ್ಕೊಂಡು ನಗ್ತಿದಾರೆ, ಒಬ್ರು ಮಾತ್ರ ಆಕಾಶ ನೋಡ್ತಿದಾರೆ.

ಮೂವತ್ತೊಂದು ವರ್ಷದಿಂದ ಅವರದು ಗಾಳಿ ಪೈಪಿನ ಕೆಲಸ. ಕಿಟಕಿ ತೆಗೆಯೋಕಾಗದ ದೊಡ್ಡ ಕಟ್ಟಡಗಳಲ್ಲಿ, ತಾರಸಿ ಮೇಲಿನ ಫ್ಯಾನಿಂದ ರೂಮು ರೂಮಿಗೂ ಹೊಸ ಗಾಳಿ ತಂದು ಬಿಡೋ ಪೈಪು ಇರುತ್ತಲ್ಲ, ಅದು. ಯಾರ ಕಣ್ಣಿಗೂ ಬೀಳಲ್ಲ. ಚೆನ್ನಾಗಿ ಮಾಡಿದ್ರೆ ಅದಿದೆ ಅಂತಾನೇ ಯಾರಿಗೂ ಗೊತ್ತಾಗಲ್ಲ, ಕೆಟ್ಟದಾಗಿ ಮಾಡಿದ್ರೆ ಮಾತ್ರ ಎಲ್ಲರೂ ತಲೆ ಎತ್ತಿ ನೋಡ್ತಾರೆ. ಇಂಥ ಕೆಲಸದಲ್ಲಿ ಹೆಸರು ಮಾಡೋದು ಎಷ್ಟು ಕಷ್ಟ ನೀವೇ ಹೇಳಿ. ಗಾಳಿಯಕ್ಕ ಮಾಡಿದಾರೆ.

ಈ ಕೆಲಸಕ್ಕೆ ಬಂದ ಕಥೆಯೇ ಒಂದು ಮಜಾ. ಪೈಪಿನ ಅಂಗಡಿ ಇದ್ದಿದ್ದು ಅವರ ಮಾವಂದು. ಮಾವನಿಗೆ ಇಬ್ಬರು ಗಂಡು ಮಕ್ಕಳು. ದೊಡ್ಡೋರು, ಅಂದ್ರೆ ಗಾಳಿಯಕ್ಕನ ಗಂಡ, ಏಣಿಯ ಎರಡನೇ ಮೆಟ್ಟಿಲಿಗೇ ಬೆವತು ನೀರಾಗೋ ಜಾತಿ. ನೆಲ ಬಿಟ್ಟು ಮಾಡೋ ಕೆಲಸವೇ ಬೇಡ ಅಂತ ಹೊಲಿಗೆ ಮಷೀನು ಹಿಡಿದ್ರು. ಚಿಕ್ಕೋನು ಇನ್ನೂ ಶಾಲೆಗೆ ಹೋಗ್ತಿದ್ದ. ಮದುವೆಯಾಗಿ ಎರಡು ತಿಂಗಳಾಗಿತ್ತು, ಒಂದಿನ ಕೆಲಸದ ಆಳು ಕೈ ಕೊಟ್ಟ. ಮಾವ ಏಣಿ ಕೆಳಗೆ ನಿಂತು ಗೊಣಗ್ತಾ ಇದ್ರು. ಬುತ್ತಿ ಕೊಡೋಕೆ ಬಂದಿದ್ದ ಸೊಸೆ ಬುತ್ತಿ ಕೆಳಗಿಟ್ಟು, ಸೆರಗು ಸಿಕ್ಕಿಸ್ಕೊಂಡು, ಸರಸರ ಹತ್ತೇಬಿಟ್ರು.

"ಏನಮ್ಮಾ, ಭಯ ಆಗಲ್ವಾ?" ಮಾವ ಕೇಳಿದ್ರು.

"ಇಲ್ಲ ಮಾವ. ಇಲ್ಲಿಂದ ನಿಮ್ಮ ಬೋಳು ತಲೆ ಬಹಳ ಚೆನ್ನಾಗಿ ಕಾಣ್ಸುತ್ತೆ."

ಅವತ್ತಿಂದ ಏಣಿ ಅವರದಾಯ್ತು. ಮಾವ ಕಲಿಸಿದ್ದು ನೂರೆಂಟು ವಿಷಯ, ಆದ್ರೆ ಎರಡನ್ನ ಮಾತ್ರ ಸಾಯೋವರೆಗೂ ಬಡ್ಕೊಂಡ್ರು. ಒಂದು, ಪೈಪಿನ ಮೈಮೇಲೆ ಅಚ್ಚಾಗಿರೋ ಅಕ್ಷರ ರಿಪೇರಿಗೆ ಅಂತ ಛಾವಣೀಲಿ ಬಿಟ್ಟಿರೋ ಪುಟ್ಟ ಬಾಗಿಲಿಂದ ಇಣುಕಿದ್ರೆ ನೇರವಾಗಿ ಓದೋ ಹಾಗಿರ್ಬೇಕು. ನಾಳೆ ರಿಪೇರಿಗೆ ಬರೋನು ಸೈಜ್ ಓದೋಕೆ ಕತ್ತು ಉಳುಕಿಸ್ಕೋಬಾರದು. ಇನ್ನೊಂದು, ಪೈಪು ಮಾತಾಡಬಾರದು.

ಮಾತಾಡೋದು ಅಂದ್ರೆ ಶಿಳ್ಳೆ. ಬಾಗಿಸೋಕೆ ಸುಲಭ ಆಗ್ಲಿ ಅಂತ ಪೈಪಿಗೆ ಮಡಿಕೆ ಮಡಿಕೆ ಇರುತ್ತಲ್ಲ, ತೊಂದರೆ ಎಲ್ಲ ಅಲ್ಲೇ. ಖಾಲಿ ಸೋಡಾ ಬಾಟಲಿ ಬಾಯಿಗೆ ಅಡ್ಡ ಊದಿದ್ರೆ ಹೂಂ ಅನ್ನುತ್ತೆ ನೋಡಿ, ಅಂಥ ಸಾವಿರ ಪುಟ್ಟ ಬಾಟಲಿ ಸಾಲಾಗಿ ಮಲಗಿಸಿದ ಹಾಗೆ ಈ ಪೈಪು. ಗಾಳಿ ಒಂದೊಂದು ಮಡಿಕೆ ದಾಟುವಾಗ್ಲೂ ಎಡವಿ ಒಂದು ಪುಟ್ಟ ಸುಳಿ ಹಾಕುತ್ತೆ. ವೇಗ ಸರಿಯಾಗಿ ಹೊಂದಿಬಿಟ್ರೆ ಎಲ್ಲ ಸುಳಿಗಳೂ ಒಂದೇ ತಾಳಕ್ಕೆ ಬಿದ್ದು ಇಡೀ ಪೈಪು ಹಾಡೋಕೆ ಶುರು. ಗಾಳಿ ಜೋರು ಮಾಡಿದ್ರೆ ಸ್ವರ ಜಾರ್ಕೊಂಡು ಮೇಲೆ ಹೋಗಲ್ಲ, ಮೆಟ್ಟಿಲು ಹತ್ತಿದ ಹಾಗೆ ಟಕ್ ಟಕ್ ಅಂತ ನೆಗೆಯುತ್ತೆ. ಕೇಳೋಕೆ ಒಂದು ನಿಮಿಷ ಚೆಂದ, ದಿನವಿಡೀ ಅದರ ಕೆಳಗೆ ಕೂತವರಿಗೆ ತಲೆ ಚಿಟ್ಟು.

ಹಾಗಾಗಿ ಪ್ರತಿ ಕೆಲಸದ ಕೊನೆಗೂ ಒಂದು ಪದ್ಧತಿ. ಫ್ಯಾನು ಒಂದು, ಎರಡು, ಮೂರು ಅಂತ ಎಲ್ಲಾ ವೇಗದಲ್ಲೂ ಓಡಿಸ್ತಾರೆ. ಗಾಳಿಯಕ್ಕ ರೂಮಿನ ಮಧ್ಯೆ ಕಣ್ಣು ಮುಚ್ಚಿ ನಿಲ್ತಾರೆ. ಆಮೇಲೆ "ಮಾತಾಡ್ತಿಲ್ಲ" ಅಂತ ಹೇಳಿ, ಸೀರೆ ಮೇಲೆ ಹಾಕ್ಕೊಂಡ ಶರ್ಟಿನ ಜೇಬಿಂದ ಚಾಕ್‌ಪೀಸು ತೆಗೆದು ಪುಟ್ಟ ಬಾಗಿಲ ಒಳಮೈಗೆ ಒಂದು ರೈಟ್ ಮಾರ್ಕು ಹಾಕ್ತಾರೆ. ಆ ಮಾರ್ಕು ಬಿದ್ರೆ ಕೆಲಸ ಮುಗೀತು. ಕಂಟ್ರಾಕ್ಟರ್ ಬಂದು ನೋಡೋದೂ ಇಲ್ಲ. "ಅಕ್ಕ ಕೇಳಿದ್ರಾ? ಹಾಗಾದ್ರೆ ಮುಗೀತು ಬಿಡಿ" ಅಂತಾನೆ. ಪಕ್ಕದ ಗೋಡೆಯಾಚೆ ಪೈಪು ಗುನುಗಿದ್ರೂ ಹಿಡಿಯೋ ಕಿವಿ ಅದು. ಈಗ ಐವತ್ತಾರು ವರ್ಷ. ಮಂಡಿ ಕಟಕಟ ಅನ್ನುತ್ತೆ, ಏಣಿ ಹತ್ತೋದು ಹೆಚ್ಚಾಗಿ ಮೈದುನನೇ. ಅವನೇ, ಅವತ್ತು ಶಾಲೆಗೆ ಹೋಗ್ತಿದ್ದ ಆ ಚಿಕ್ಕೋನು, ಈಗ ನಲವತ್ತು ದಾಟಿ ಹೊಟ್ಟೆ ಬಿಟ್ಟಿದಾನೆ. ಆದ್ರೆ ಚಾಕ್‌ಪೀಸು ಮಾತ್ರ ಅತ್ತಿಗೆ ಜೇಬಲ್ಲೇ.

ಹೋದ ವರ್ಷ ಒಂದಿನ ಮನೇಲಿ ವಾಷಿಂಗ್ ಮಷೀನು ಕೆಟ್ಟೋಯ್ತು. ಕೆಟ್ಟಿದೆ ಅಂತ ಗಾಳಿಯಕ್ಕ ತೀರ್ಮಾನ ಮಾಡಿದ್ರು. ಬಟ್ಟೆ ಒಗೆದು ಮುಗಿದ್ರೆ ಪೀಪೀ ಅಂತ ಕೂಗೋದು, ಈಗ ಕೂಗ್ತಿಲ್ಲ. ಸ್ಕ್ರೂಡ್ರೈವರ್ ತಗೊಂಡು ಹಿಂದಿನ ತಗಡು ಬಿಚ್ಚಿ, ವೈರೆಲ್ಲ ಎಳೆದು ನೋಡ್ತಾ ಕೂತಿದ್ರು. ಯಜಮಾನ್ರು ಹೊಲಿಗೆ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದ್ರು.

"ಏನೇ ಮಾಡ್ತಿದೀಯಾ?"

"ಇದು ಕೂಗೋದು ನಿಲ್ಸಿದೆ ರೀ."

"ಆಗ್ಲಿಂದ ಬಡ್ಕೊಳ್ತಾ ಇದೆಯಲ್ಲೇ. ಈಗಲೂ ಕೂಗ್ತಿದೆ."

ಗಾಳಿಯಕ್ಕ ಮಷೀನಿನ ಮೇಲೆ ಅಂಗೈ ಇಟ್ರು. ಹೌದು, ಬೆರಳ ತುದಿಗೆ ಸಣ್ಣಗೆ ಜುಂ ಅಂತು. ಕಿವಿಗೆ ಏನೂ ಇಲ್ಲ. ಸುಮ್ನೆ ತಗಡು ಮುಚ್ಚಿ ನಾಲ್ಕೂ ಸ್ಕ್ರೂ ಹಾಕಿದ್ರು. ಆ ವಿಷಯ ಮತ್ತೆ ಆ ಮನೇಲಿ ಯಾರೂ ಎತ್ತಲಿಲ್ಲ.

ಮಾತು ಕೇಳುತ್ತೆ, ಗಾಡಿ ಸದ್ದು ಕೇಳುತ್ತೆ, ದಪ್ಪ ಶಿಳ್ಳೆ ಕೇಳುತ್ತೆ. ತೆಳ್ಳಗೆ, ಸೂಜಿಯಷ್ಟು ಸಣ್ಣಗಿರೋದು ಮಾತ್ರ ಹೋಗಿದೆ. ಅಷ್ಟಕ್ಕೇ ಕೆಲಸ ಬಿಡೋಕಾಗುತ್ತಾ? ಗಾಳಿಯಕ್ಕ ಒಂದು ಉಪಾಯ ಕಂಡ್ಕೊಂಡ್ರು. ರೂಮಿನ ಮಧ್ಯೆ ಕಣ್ಣು ಮುಚ್ಚಿ ನಿಲ್ತಾರಲ್ಲ, ಪೂರ್ತಿ ಮುಚ್ಚೋದು ಬಿಟ್ರು. ರೆಪ್ಪೆ ಸಂದಿಯಿಂದ ಮೈದುನನ ಮುಖ ನೋಡೋದು. ಪುಣ್ಯಕ್ಕೆ ಅವನ ಹುಬ್ಬು ಕಂಬಳಿಹುಳದ ಹಾಗೆ ದಪ್ಪ. ಶಿಳ್ಳೆ ಇದ್ರೆ ಹುಬ್ಬು ಮೇಲೇರುತ್ತೆ, ಇಲ್ದಿದ್ರೆ ಇಲ್ಲ. ಹುಬ್ಬು ಏರಿದ್ರೆ "ಎಲ್ಲೋ ಮಾತಾಡ್ತಿದೆ ಕಣೋ, ನೋಡು" ಅನ್ನೋದು, ಏರದಿದ್ರೆ ಚಾಕ್‌ಪೀಸು ತೆಗೆಯೋದು. ವರ್ಷ ಪೂರ್ತಿ ಒಂದೂ ತಪ್ಪಾಗಲಿಲ್ಲ. ಮೈದುನನಿಗೆ ಒಂಚೂರೂ ಅನುಮಾನ ಇಲ್ಲ ಅಂತ ಅತ್ತಿಗೆ ಅಂದ್ಕೊಂಡಿದ್ರು.

ಹೀಗಿರುವಾಗ ಬಂತು ಕಿವಿ ಪರೀಕ್ಷೆಯ ಕೆಲಸ.

ಒಂದು ಆಸ್ಪತ್ರೇಲಿ ಹೊಸದಾಗಿ ಪುಟ್ಟ ರೂಮು ಕಟ್ಟಿದ್ರು. ಗೋಡೆಗೆಲ್ಲ ದಪ್ಪ ಮೆತ್ತೆ, ಬಾಗಿಲು ಒಂದು ಗೇಣು ದಪ್ಪ, ಒಂದು ಕುರ್ಚಿ, ಎದುರಿಗೆ ಗಾಜಿನ ಕಿಟಕಿ. ಕುರ್ಚೀಲಿ ಕೂತವರ ಕಿವಿಗೆ ಹೆಡ್‌ಫೋನ್ ಹಾಕಿ, ಕಿಟಕಿಯಾಚೆ ಕೂತ ಮೇಡಂ ಒಂದೊಂದೇ ಸ್ವರ ಕಳಿಸ್ತಾರೆ. ಕೇಳಿಸಿದ್ರೆ ಕೈಯಲ್ಲಿರೋ ಬಟನ್ ಒತ್ತಬೇಕು. ಬಾಗಿಲು ಹಾಕಿದ್ರೆ ಗಾಳಿ ಆಡಲ್ಲ, ಅದಕ್ಕೇ ಪೈಪು ಬೇಕು. ಜಾಗ ಕಮ್ಮಿ ಅಂತ ಎರಡು ಬೆರಳು ಅಗಲದ ತೆಳು ಪೈಪು ತರಿಸಿದ್ರು. ಹೊಸ ನಮೂನೆ ಮಾಲು, ಮಡಿಕೆಗಳು ಬಾಚಣಿಗೆ ಹಲ್ಲಿನಷ್ಟು ಸಣ್ಣ. ಪೆಟ್ಟಿಗೇಲಿ ಒಂದು ಚೀಟಿ ಇತ್ತು. ಮೈದುನ ಅದರ ಮೇಲೆ ಟೀ ಲೋಟ ಇಟ್ಕೊಂಡ.

ಪೈಪು ಎಳೆದಿದ್ದು ಮಾವ ಹೇಳಿದ ಹಾಗೇ, ಅಕ್ಷರ ಛಾವಣಿಯ ಪುಟ್ಟ ಬಾಗಿಲ ಕಡೆಗೆ ನೇರವಾಗಿ. ಕೊನೇ ದಿನ ಮೈದುನನಿಗೆ ದವಡೆ ಹಲ್ಲು ಕೀಳಿಸೋದಿತ್ತು, ಬರಲಿಲ್ಲ. ಗಾಳಿಯಕ್ಕ ಒಬ್ಬರೇ ರೂಮಿನ ಮಧ್ಯೆ ನಿಂತ್ರು. ಫ್ಯಾನು ಒಂದರಲ್ಲಿ ಏನೂ ಇಲ್ಲ. ಎರಡರಲ್ಲಿ ಏನೂ ಇಲ್ಲ. ಮೂರರಲ್ಲೂ ಏನೂ ಇಲ್ಲ. ನೋಡೋಕೆ ಹುಬ್ಬೂ ಇಲ್ಲ. ಒಂದು ದಿನ ಕಾದು ಮೈದುನನ ಜೊತೆ ಬರಬಹುದಿತ್ತು, ಅದು ಅವರಿಗೂ ಗೊತ್ತಿತ್ತು. ಆದ್ರೆ ಕಂಟ್ರಾಕ್ಟರ್ ಫೋನಲ್ಲಿ "ಅಕ್ಕ, ಕೇಳಿದ್ರಾ?" ಅಂದ. ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆಗೆ "ನಾಳೆ ಹೇಳ್ತೀನಿ" ಅಂದೋರಲ್ಲ ಅವರು. "ಕೇಳಿದೆ, ಮಾತಾಡ್ತಿಲ್ಲ" ಅಂದ್ರು. ಚಾಕ್‌ಪೀಸು ತೆಗೆದು ಮಾರ್ಕು ಹಾಕಿದ್ರು.

ಒಂಬತ್ತು ದಿನ ಆದ್ಮೇಲೆ ಆಸ್ಪತ್ರೆಯಿಂದ ಫೋನು. ಹೊಸದಾಗಿ ಸೇರಿದ್ದ ಕಿವಿ ಮೇಡಂ ಮಾತಾಡಿದ್ರು. "ನಿಮ್ಮ ಪೈಪು ಶಿಳ್ಳೆ ಹೊಡೀತಿದೆ, ಒಂದ್ಸಲ ಬಂದು ನೋಡ್ತೀರಾ?"

ಮೈದುನ ಬೇರೆ ಕಡೆ ಕೆಲಸದಲ್ಲಿದ್ದ, ಗಾಳಿಯಕ್ಕ ಒಬ್ಬರೇ ಹೋದ್ರು. ಮೇಡಂ ಸುಮಾರು ಮೂವತ್ತರ ಆಸುಪಾಸು, ಮೆಲ್ಲಗೆ ಮಾತಾಡೋ ಹುಡುಗಿ. ಫ್ಯಾನು ಮೂರಕ್ಕೆ ಇಟ್ಟು, ದಪ್ಪ ಬಾಗಿಲು ಹಾಕಿ, ಮೇಲೆ ಬೆರಳು ತೋರಿಸಿದ್ರು. ಗಾಳಿಯಕ್ಕ ತಲೆ ಎತ್ತಿದ್ರು. ಎಡಗಿವಿ ತಿರುಗಿಸಿದ್ರು, ಬಲಗಿವಿ ತಿರುಗಿಸಿದ್ರು. ಹತ್ತಿಯೊಳಗೆ ಕೂತ ಹಾಗಿತ್ತು, ಅಷ್ಟು ನಿಶ್ಶಬ್ದ.

"ಇಲ್ಲಿ ಶಿಳ್ಳೆ ಇಲ್ಲ ಮೇಡಂ," ಅಂದ್ಬಿಟ್ರು.

ಮೇಡಂ ಕೋಪ ಮಾಡ್ಕೊಳ್ಳಲಿಲ್ಲ. ಟೇಬಲ್ ಮೇಲಿದ್ದ ಒಂದು ಪುಟ್ಟ ಮೀಟರ್ ತಂದು ತೋರಿಸಿದ್ರು. ಅದರಲ್ಲಿ ಸಮತಟ್ಟಾಗಿ ಓಡ್ತಿದ್ದ ಗೆರೆ ಒಂದೇ ಕಡೆ ಮೊಳೆ ಹೊಡೆದ ಹಾಗೆ ಮೇಲೆದ್ದು ನಿಂತಿತ್ತು. "ಆ ಮೊಳೆ ಇದೆಯಲ್ಲ, ಅದೇ ಶಿಳ್ಳೆ. ಈ ವಾರ ಬಂದ ಎಂಟು ಜನಕ್ಕೂ ಸರಿಯಾಗಿ ಇದೇ ಸ್ವರದ ಹತ್ರ ಕಿವಿ ಮಂದ ಅಂತ ಬಂತು. ನಾನು ಕಳಿಸೋ ಸ್ವರಾನ ಈ ಶಿಳ್ಳೆ ನುಂಗ್ತಾ ಇದೆ. ಒಬ್ಬ ಬಸ್ ಡ್ರೈವರ್‌ಗೆ ಕಿವಿ ಸರಿಯಿಲ್ಲ ಅಂತ ಬರೆದು ಕೊಡೋದ್ರಲ್ಲಿದ್ದೆ. ಹದಿನೆಂಟು ವರ್ಷದ ಕೆಲಸ ಅಂದ್ರು. ಆಮೇಲೆ ಯಾಕೋ ಅನುಮಾನ ಬಂದು ನನ್ನ ಕಿವೀನೇ ಪರೀಕ್ಷೆ ಮಾಡ್ಕೊಂಡೆ. ನನಗೂ ಹಾಗೇ ಬಂತು. ಅದಕ್ಕೇ ರೂಮು ಮುಚ್ಚಿದೀನಿ. ಅವರು ಮತ್ತೆ ಬರ್ತಾರೆ."

ಗಾಳಿಯಕ್ಕ ಮೀಟರಿನ ಮೊಳೆ ನೋಡಿದ್ರು, ಮೇಡಂ ಮುಖ ನೋಡಿದ್ರು. "ನಾಳೆ ಬೆಳಿಗ್ಗೆ ನಮ್ಮ ಹುಡುಗನ್ನ ಕರ್ಕೊಂಡು ಬರ್ತೀನಿ" ಅಂತಷ್ಟೇ ಹೇಳಿ ಹೊರಟ್ರು. ಹುಡುಗ ಅಂದ್ರೆ ಆ ನಲವತ್ತು ದಾಟಿದ ಹೊಟ್ಟೆಯಪ್ಪ.

ಸಂಜೆ ಮನೇಲಿ ಯಜಮಾನ್ರು ಯಾರದೋ ಕೋಟಿಗೆ ಗುಂಡಿ ಹೊಲೀತಿದ್ರು. ಗಾಳಿಯಕ್ಕ ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಡ್ತಿದ್ರು. ಇಷ್ಟು ವರ್ಷ ಇಬ್ಬರೂ ಮುಖ್ಯವಾದ ಮಾತೆಲ್ಲ ಆಡಿರೋದು ಹೀಗೇ, ಕೈಯಲ್ಲಿ ಏನಾದ್ರೂ ಇಟ್ಕೊಂಡು.

"ನನ್ನ ಮಾರ್ಕು ಬಿದ್ದ ಪೈಪು ಶಿಳ್ಳೆ ಹೊಡೀತಿದೆಯಂತೆ ರೀ."

"ನಿಂಗೆ ಕೇಳಿಸ್ತಾ?"

"ಇಲ್ಲ."

ಯಜಮಾನ್ರು ಒಂದು ಗುಂಡಿ ಮುಗಿಸಿ ದಾರ ಹಲ್ಲಲ್ಲಿ ಕಡಿದ್ರು. "ಹೇಳ್ಬಿಡು. ನನ್ನ ಕಣ್ಣು ಹೋದಾಗ ನಾನು ಹೇಳ್ಲಿಲ್ವಾ? ದಾರ ನೀನು ಪೋಣಿಸ್ತೀಯಾ, ಹೊಲಿಗೆ ನಾನು ಹಾಕ್ತೀನಿ. ಕೋಟು ಹಾಕ್ಕೊಂಡೋರು ಯಾರಾದ್ರೂ ಕೇಳಿದಾರಾ, ದಾರ ಯಾರು ಪೋಣಿಸಿದ್ದು ಅಂತ?"

"ನಿಮ್ಮದು ಬೇರೆ ರೀ. ಏಣಿ ಆಗ್ಲೇ ಅವನದಾಗಿದೆ. ನಂದು ಅಂತ ಉಳಿದಿರೋದು ಆ ಚಾಕ್‌ಪೀಸು ಒಂದೇ. ಕಿವಿ ಕೇಳ್ಸಲ್ಲ ಅಂದ್ರೆ ನಾಳೆಯಿಂದ ನಾನ್ಯಾಕೆ ಹೋಗ್ಬೇಕು? ಟೀ ಕಾಯ್ಸೋಕಾ?"

"ನಿನ್ನ ಟೀ ಯಾರು ಕುಡೀತಾರೆ," ಅಂದ್ರು ಯಜಮಾನ್ರು. ಗಾಳಿಯಕ್ಕ ಸೂಜಿ ಡಬ್ಬೀಲಿ ಅವರ ಮಂಡಿಗೆ ಒಂದು ಕುಟ್ಟಿದ್ರು.

ಮರುದಿನ ಬೆಳಿಗ್ಗೆ ಮೈದುನ ಆ ರೂಮಿನ ಬಾಗಿಲು ದಾಟಿದ್ದೇ ತಡ, ಎರಡೂ ಹುಬ್ಬು ಕೂದಲಿಗೆ ಹೋಗಿ ಅಂಟ್ಕೊಂಡವು. ಗಾಳಿಯಕ್ಕ ಏಣಿ ಹತ್ತಿ ಪುಟ್ಟ ಬಾಗಿಲು ತೆಗೆದ್ರು. ತಾವೇ ಹಾಕಿದ ಮಾರ್ಕು ಎದುರಿಗೇ ಇತ್ತು. ಅಂಗೈಯಿಂದ ಒರೆಸಿದ್ರು. ಪೂರ್ತಿ ಹೋಗಲಿಲ್ಲ, ಬಿಳಿ ಮಂಜಿನ ಹಾಗೆ ಉಳೀತು. ಒಳಗೆ ಪೈಪು ಎಲ್ಲೂ ನಜ್ಜುಗುಜ್ಜಾಗಿಲ್ಲ, ಜೋಡಣೆ ಬಿಟ್ಟಿಲ್ಲ, ಅಕ್ಷರ ನೇರವಾಗಿದೆ. ಎಲ್ಲಾ ಸರಿ ಇದೆ, ಆದ್ರೂ ಹಾಡ್ತಿದೆ. ಬೆರಳು ಇಟ್ರು. ಜುಂ. ವಾಷಿಂಗ್ ಮಷೀನಿನ ಹಾಗೇ.

"ಇದೇ ಮಾಲಿನ ತುಂಡು ಮಿಕ್ಕಿದೆಯೇನೋ?" ಮೈದುನನ್ನ ಕೇಳಿದ್ರು.

"ಗಾಡೀಲಿ ಒಂದು ಮಾರುದ್ದ ಇದೆ."

"ತಗೊಂಡು ಹೊರಗೆ ಬಾ. ತಿರುಗಿಸೋಣ."

ಈ ತಿರುಗಿಸೋದು ಮಾವನ ಕಾಲದ್ದು. ಹೊಸ ಮಾಲು ಬಂದಾಗೆಲ್ಲ ಒಂದು ತುಂಡು ಕತ್ತರಿಸಿ, ಒಂದು ತುದಿ ಹಿಡ್ಕೊಂಡು ತಲೆ ಮೇಲೆ ಗಿರ್ರನೆ ತಿರುಗಿಸ್ತಿದ್ರು. ಕೈಲಿರೋ ತುದಿಯಿಂದ ಗಾಳಿ ಒಳಗೆ ನುಗ್ಗಿ, ದೂರದ ತುದಿಯಿಂದ ಹೊರಗೆ ಬೀಳುತ್ತೆ. ಹಾಡೋ ಸ್ವಭಾವದ ಪೈಪಾದ್ರೆ ಆಗ್ಲೇ ಬಾಯಿ ಬಿಡುತ್ತೆ. ಆಮೇಲಾಮೇಲೆ ಎಲ್ಲ ಪೈಪೂ ಒಂದೇ ಥರ ಬರೋಕೆ ಶುರುವಾಗಿ ಈ ಪದ್ಧತಿ ಬಿಟ್ಟೇಹೋಗಿತ್ತು.

ಆಸ್ಪತ್ರೆ ಹಿಂದಿನ ಗಾಡಿ ನಿಲ್ಸೋ ಜಾಗದಲ್ಲಿ ಮೈದುನ ಶರ್ಟಿನ ತೋಳು ಮಡಚ್ಕೊಂಡು ನಿಂತ. ಮೇಡಮ್ಮೂ ಬಂದ್ರು, ಇಂಥದ್ದು ಬಿಡ್ತಾರಾ. ಮೈದುನ ಮೆಲ್ಲಗೆ ತಿರುಗಿಸಿದ. ಪೈಪು ಕೊಳಲಿನ ಹಾಗೆ ಊ ಅಂತು. ಗಾಳಿಯಕ್ಕಂಗೆ ಚೆನ್ನಾಗಿ ಕೇಳಿಸ್ತು. ಕೈಯಲ್ಲಿ ತಿರುಗಿಸೋ ವೇಗ ಫ್ಯಾನಿನಷ್ಟು ಬರಲ್ಲ, ಅದಕ್ಕೇ ಸ್ವರ ಕೆಳಗೇ ಇರುತ್ತೆ. ಅವರ ಮುಖ ಅರಳ್ತು. ಎಷ್ಟು ದಿನ ಆಗಿತ್ತು ಒಂದು ಪೈಪಿನ ದನಿ ಸ್ವಂತ ಕಿವೀಲಿ ಕೇಳಿ.

"ಜೋರು ಮಾಡು," ಅಂದ್ರು.

ಸ್ವರ ಒಂದು ಮೆಟ್ಟಿಲು ಹತ್ತಿತು. ಕೇಳಿಸ್ತು. ಇನ್ನೂ ಜೋರು, ಇನ್ನೊಂದು ಮೆಟ್ಟಿಲು. ಕೇಳಿಸ್ತು, ಸ್ವಲ್ಪ ಸಣ್ಣಗೆ, ಪಕ್ಕದ ಬೀದಿಯಿಂದ ಬಂದ ಹಾಗೆ. ಮೈದುನ ಹಲ್ಲು ಕಚ್ಚಿ ಇದ್ದ ಬಲವೆಲ್ಲ ಹಾಕಿ ಬೀಸಿದ. ಆಗ ನಿಂತೋಯ್ತು. ಬರೀ ಗಾಳಿ ಸದ್ದು, ಸುಯ್ ಸುಯ್.

ಗಾಳಿಯಕ್ಕ ಮೇಡಂ ಕಡೆ ತಿರುಗಿದ್ರು. ಮೇಡಂ ಕಣ್ಣು ಕಿರಿದು ಮಾಡಿ, ಒಂದು ಭುಜ ಕಿವಿ ಹತ್ರ ಎತ್ಕೊಂಡಿದ್ರು. ಸ್ವರ ನಿಂತಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿದೆ, ಅಷ್ಟೆ. ಎಲ್ಲರೂ ಅದರ ಜೊತೆ ಮೇಲೆ ಹೋಗಿದಾರೆ, ಗಾಳಿಯಕ್ಕ ಒಬ್ಬರೇ ಕೆಳಗಿನ ಮೆಟ್ಟಿಲಲ್ಲಿ ನಿಂತಿದಾರೆ.

ಮೂವತ್ತೊಂದು ವರ್ಷ ಏಣಿ ಹತ್ತಿದವರಿಗೆ ಹಾಗೆ ಕೆಳಗೆ ನಿಂತು ಮೇಲೆ ನೋಡೋದು ಹೇಗಿರುತ್ತೆ ಅಂತ ಅವತ್ತು ಗೊತ್ತಾಯ್ತು. ಅಳು ಬರಲಿಲ್ಲ. ಕಾಲ ಕೆಳಗಿನ ಜಾಗ ಎಲ್ಲಿಗೆ ಮುಗಿಯುತ್ತೆ ಅಂತ ಸರಿಯಾಗಿ ಗೊತ್ತಾದಾಗ ಒಂಥರಾ ಸಮಾಧಾನಾನೂ ಆಗುತ್ತಲ್ಲ, ಹಾಗೆ.

ಅಷ್ಟರಲ್ಲಿ ಮೈದುನನಿಗೆ ತೋಳು ಸೋತು ಪೈಪು ಕೈ ಜಾರಿ ಬಿತ್ತು. ಎತ್ಕೊಂಡು ಮತ್ತೆ ತಿರುಗಿಸಿದ. ಮೆಲ್ಲಗೆ, ಜೋರಾಗಿ, ಇನ್ನೂ ಜೋರಾಗಿ. ಮೇಡಂ ಭುಜ ಇಳೀತು. "ಏನಾಯ್ತು? ಹಾಡ್ತಾನೇ ಇಲ್ಲ."

ಗಾಳಿಯಕ್ಕಂಗೂ ಕೆಳಗಿನ ಊ ಕೂಡ ಕೇಳಿಸಲಿಲ್ಲ. "ನಿಲ್ಸೋ," ಅಂದ್ರು. "ಯಾವ ತುದಿ ಹಿಡಿದಿದೀಯಾ?"

"ಯಾವುದಾದ್ರೇನು ಅತ್ತಿಗೆ, ಎರಡೂ ಒಂದೇ."

"ಒಂದೇ ಅಂತ ನಿಮ್ಮಪ್ಪನ ಕಾಲದಲ್ಲಿ. ಕೊಡಿಲ್ಲಿ."

ಪೈಪಿನ ಬಾಯೊಳಗೆ ಬೆರಳು ತೂರಿಸಿ ಒಳಮುಖವಾಗಿ ಸವರಿದ್ರು. ಬೆಕ್ಕಿನ ಬೆನ್ನು ಬಾಲದ ಕಡೆಗೆ ಸವರಿದ ಹಾಗೆ ನುಣ್ಣಗೆ ಹೋಯ್ತು. ಇನ್ನೊಂದು ತುದಿಯಿಂದ ಸವರಿದ್ರು. ಬೆಕ್ಕಿನ ಬೆನ್ನು ಉಲ್ಟಾ. ಪ್ರತಿ ಮಡಿಕೇಲೂ ಒಂದೊಂದು ಚೂಪು ಅಂಚು ಬೆರಳಿಗೆ ಎದುರು ನಿಲ್ತು. ಈ ಹೊಸ ಮಾಲಿಗೆ ಮುಖ ಬೇರೆ, ಬೆನ್ನು ಬೇರೆ. ಗಾಳಿ ನುಣುಪಿನ ಕಡೆಯಿಂದ ಹೋದ್ರೆ ಸುಮ್ನೆ ಜಾರ್ಕೊಂಡು ಹೋಗುತ್ತೆ, ಉಲ್ಟಾ ಹೋದ್ರೆ ಅಂಚು ಅಂಚಿಗೂ ಬಡಿದು ಹಾಡುತ್ತೆ. ಮಾವನ ಮಾತಿನ ಹಾಗೆ ಅಕ್ಷರ ಬಾಗಿಲಿಗೆ ನೇರ ಕಾಣ್ಲಿ ಅಂತ ಇಟ್ಟಾಗ, ಪೈಪಿನ ಬೆನ್ನು ಫ್ಯಾನಿನ ಕಡೆಗೆ ಹೋಗಿತ್ತು.

"ಆ ಪೆಟ್ಟಿಗೇಲಿ ಚೀಟಿ ಇತ್ತಲ್ಲೋ?"

ಮೈದುನ ಗಾಡಿಗೆ ಹೋಗಿ ತಂದ. ದುಂಡಗೆ ಟೀ ಕಲೆ. ಕಲೆಯ ಸರಿಮಧ್ಯೆ, ಚಿತ್ರ ಸಮೇತ, ಯಾವ ತುದಿ ಫ್ಯಾನಿಗೆ ಅಂತ ಬರೆದಿತ್ತು.

"ಸಾರಿ ಅತ್ತಿಗೆ."

"ನೀನ್ಯಾಕೆ ಸಾರಿ ಕೇಳ್ತೀಯಾ. ಚೀಟಿ ಓದದೆ ಇದ್ರೂ ಕೊನೇಲಿ ಕೇಳಿಸ್ಕೊಂಡಿದ್ರೆ ಗೊತ್ತಾಗ್ತಿತ್ತು. ಕೇಳಿದೆ ಅಂತ ಹೇಳಿದೋಳು ನಾನು." ಗಾಳಿಯಕ್ಕ ಪೈಪನ್ನ ಕೋಲಿನ ಹಾಗೆ ಊರ್ಕೊಂಡು ನಿಂತ್ರು. ಮೇಡಂ ಕಡೆ ತಿರುಗಿ, ಹೊಸ ಅಂಗಡಿಯೋರಿಗೆ ವಿಳಾಸ ಹೇಳೋ ಥರ, ಒಂದೇ ದನೀಲಿ ಹೇಳಿದ್ರು: "ನನಗೆ ಸಣ್ಣ ಸ್ವರ ಕೇಳ್ಸಲ್ಲ ಮೇಡಂ. ಒಂದು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ಇವನ ಹುಬ್ಬು ನೋಡ್ಕೊಂಡು ಕೆಲಸ ನಡೆಸ್ತಿದ್ದೆ. ಅವತ್ತು ಇವನಿರಲಿಲ್ಲ. ನಿಮ್ಮ ಡ್ರೈವರ್‌ಗೆ ನಾನೇ ಮೋಸ ಮಾಡಿದ ಹಾಗಾಯ್ತು."

ಮೇಡಂ ಏನೋ ಹೇಳೋಕೆ ಬಾಯಿ ತೆಗೆದ್ರು, ಅಷ್ಟರಲ್ಲಿ ಮೈದುನ ಕೆಮ್ಮಿದ.

"ನಂಗೊತ್ತಿತ್ತು ಅತ್ತಿಗೆ."

"ಏನು ಗೊತ್ತಿತ್ತು?"

"ನೀವು ಹುಬ್ಬು ನೋಡೋದು. ಮೊದಲನೇ ಸಲವೇ ಗೊತ್ತಾಯ್ತು. ಮನುಷ್ಯನ ಹುಬ್ಬು ಅಷ್ಟು ಮೇಲಕ್ಕೆ ಹೋಗುತ್ತಾ ಹೇಳಿ. ನಿಮಗೆ ಚೆನ್ನಾಗಿ ಕಾಣ್ಲಿ ಅಂತ ನಾನೇ ಏರಿಸ್ತಿದ್ದೆ. ಒಂದೊಂದು ದಿನ ಮನೆಗೆ ಹೋದ್ರೆ ಹಣೆ ನೋವು."

ಗಾಳಿಯಕ್ಕ ಅವನನ್ನೇ ನೋಡ್ತಾ ನಿಂತ್ರು. ಒಂದು ವರ್ಷ ಪೂರ್ತಿ ತಾವು ಅವನನ್ನ ಯಾಮಾರಿಸ್ತಿದೀವಿ ಅಂದ್ಕೊಂಡಿದ್ರು. ಅವನು ನೋಡಿದ್ರೆ ದಿನಾ ಹಣೆ ನೋವು ಮಾಡ್ಕೊಂಡು, ತುಟಿ ಪಿಟಕ್ ಅನ್ನದೆ ಜೊತೆಗೆ ಬಂದಿದಾನೆ.

"ಹಲ್ಲು ಕೀಳಿಸೋ ದಿನಾನೂ ಬರ್ಬೇಕಾಗಿತ್ತು ನಾನು," ಅಂದ ಮೈದುನ ನೆಲ ನೋಡ್ತಾ.

"ಬಂದು ಏನು ಮಾಡ್ತಿದ್ದೆ, ದವಡೆ ಊದಿರೋ ಮುಖದಲ್ಲಿ ಹುಬ್ಬು ಯಾವುದು ಕೆನ್ನೆ ಯಾವುದು ಅಂತ ಹುಡುಕ್ತಾ ಕೂರ್ಬೇಕಿತ್ತು ನಾನು," ಅಂದ್ರು ಗಾಳಿಯಕ್ಕ. ಮೇಡಂ ನಗು ತಡೆಯೋಕಾಗದೆ ಆಚೆ ತಿರುಗಿದ್ರು.

ಗಾಳಿಯಕ್ಕ ಅಲ್ಲೇ ನಿಂತು ಕಂಟ್ರಾಕ್ಟರ್‌ಗೆ ಫೋನ್ ಮಾಡಿದ್ರು. ಸುತ್ತಿ ಬಳಸಲಿಲ್ಲ. "ಪೈಪು ಉಲ್ಟಾ ಹಾಕಿದೀವಿ, ಇವತ್ತು ಸರಿ ಮಾಡ್ತೀವಿ. ಇನ್ನೊಂದು ವಿಷಯ, ನನಗೆ ಸಣ್ಣ ಶಿಳ್ಳೆ ಕೇಳ್ಸಲ್ಲ. ಇನ್ಮೇಲೆ ಕೇಳೋನು ನನ್ನ ಮೈದುನ. ಮುಟ್ಟಿ ನೋಡೋಳು ನಾನು. ಬೇಡ ಅಂದ್ರೆ ಈಗಲೇ ಹೇಳು."

ಆ ಕಡೆ ಕಂಟ್ರಾಕ್ಟರ್ ಯಾರಿಗೋ ಸಿಮೆಂಟು ಇಳಿಸು ಅಂತ ಕೂಗಿದ. ಆಮೇಲೆ, "ಅದಕ್ಕೇನಕ್ಕ. ಉಲ್ಟಾ ಅಂತ ಹೇಗೆ ಗೊತ್ತಾಯ್ತು?"

"ಬೆರಳಿಂದ."

"ಹೌದಾ. ಹಾಗಾದ್ರೆ ಗೋಡೌನಲ್ಲಿ ಅದೇ ಮಾಲಿನ ನಲವತ್ತು ಸುರುಳಿ ಇದೆ. ನಾಳೆ ಬಂದು ಒಂದೊಂದಕ್ಕೂ ತಲೆ ಯಾವುದು ಬಾಲ ಯಾವುದು ಅಂತ ಗುರುತು ಹಾಕ್ಕೊಡಿ. ಏಳು ಗಂಟೆಗೆ. ತಡ ಮಾಡ್ಬೇಡಿ." ಫೋನ್ ಇಟ್ಟ.

ಒಂದು ವರ್ಷ ಹೊಟ್ಟೇಲಿಟ್ಕೊಂಡು ಹೆದರಿದ್ದ ಮಾತು ಅರ್ಧ ನಿಮಿಷದಲ್ಲಿ ಮುಗಿದುಹೋಗಿತ್ತು. ಗಾಳಿಯಕ್ಕ ಫೋನನ್ನೇ ಒಂದ್ಸಲ ತಿರುಗಿಸಿ ನೋಡಿದ್ರು, ಇನ್ನೇನಾದ್ರೂ ಬರುತ್ತೇನೋ ಅನ್ನೋ ಹಾಗೆ.

ಪೈಪು ಬಿಚ್ಚಿ ತಿರುಗಿಸಿ ಹಾಕೋಕೆ ಮಧ್ಯಾಹ್ನ ಆಯ್ತು. ಈಗ ಅಕ್ಷರ ತಲೆಕೆಳಗು. ಮಾವ ನೋಡಿದ್ರೆ ಬೈತಿದ್ರು ಅಂತ ಗಾಳಿಯಕ್ಕ ಪಕ್ಕದಲ್ಲೇ ಚಾಕ್‌ಪೀಸಿಂದ ಸೈಜು ನೇರವಾಗಿ ಬರೆದ್ರು. ಆಮೇಲೆ ಕೆಳಗಿಳಿದು, ಮೈದುನನ್ನ ಒಬ್ಬನೇ ರೂಮೊಳಗೆ ಬಿಟ್ಟು, ದಪ್ಪ ಬಾಗಿಲು ಹಾಕಿ ಹೊರಗೆ ನಿಂತ್ರು. ಫ್ಯಾನು ಒಂದು, ಎರಡು, ಮೂರು. ಐದು ನಿಮಿಷ. ಅವನು ಹೊರಗೆ ಬಂದಾಗ ಅವನ ಮುಖ ನೋಡದೆ ಗೋಡೆ ನೋಡ್ತಾ ಕೇಳಿದ್ರು.

"ಏನಂತೆ?"

"ಮಾತಾಡ್ತಿಲ್ಲ ಅತ್ತಿಗೆ."

ಮೇಡಂ ಮೀಟರ್ ತಂದ್ರು. ಗೆರೆ ಚಾಪೆ ಹಾಸಿದ ಹಾಗೆ ಮಲಗಿತ್ತು, ಮೊಳೆ ಇಲ್ಲ. ಗಾಳಿಯಕ್ಕ ಚಾಕ್‌ಪೀಸನ್ನ ಒಂದು ಕ್ಷಣ ಅಂಗೈಲಿ ಉರುಳಿಸಿ ಮೈದುನನ ಕೈಗಿಟ್ರು. ಅವನು ಏಣಿ ಹತ್ತಿ ಮಾರ್ಕು ಹಾಕಿದ. ಸೊಟ್ಟಗೆ, ಗಾಳಿಗೆ ಬಿದ್ದ ಕೊಡೆ ಥರ ಇತ್ತು.

"ಇದೇನೋ ಇದು?"

"ಮೊದಲನೇ ಸಲ ಅಲ್ವಾ."

"ಪಕ್ಕಕ್ಕೆ ಸರಿ." ಗಾಳಿಯಕ್ಕ ತಾವೂ ಹತ್ತಿ, ಅದರ ಕೆಳಗೆ ಹೆಬ್ಬೆರಳಿಗೆ ಚಾಕ್‌ಪುಡಿ ಹಚ್ಚಿ ಒತ್ತಿದ್ರು. ಒಂದು ಮಾರ್ಕು ಕೇಳಿದೋನದು, ಒಂದು ಮುಟ್ಟಿದೋಳದು. ಈಗ ಅವರ ಎಲ್ಲಾ ಕೆಲಸದಲ್ಲೂ ಹೀಗೇ ಇರುತ್ತೆ, ಬೇಕಾದ್ರೆ ಯಾವುದಾದ್ರೂ ಛಾವಣಿಯ ಪುಟ್ಟ ಬಾಗಿಲು ತೆಗೆದು ನೋಡಿ.

ಏಣಿ ಮಡಚುವಾಗ ಮೇಡಂ ಕೇಳಿದ್ರು, "ರೂಮು ಸಿದ್ಧ ಇದೆ. ಡ್ರೈವರ್ ಬರೋಕೆ ಇನ್ನೂ ಒಂದು ಗಂಟೆ ಇದೆ. ಮೊದಲು ನೀವು ಕೂರ್ತೀರಾ?"

ಗಾಳಿಯಕ್ಕ ಮೈಮೇಲಿನ ಧೂಳು ಕೊಡವ್ಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತ್ರು. ಹೆಡ್‌ಫೋನ್ ಹಾಕಿದ್ರು. ಮೇಡಂ ಬಟನ್ ಕೈಗೆ ಕೊಟ್ರು. ಬಾಗಿಲು ಮುಚ್ಚಿತು. ಎದುರಿನ ಗಾಜಲ್ಲಿ ಮೇಡಮ್ಮಿನ ತಲೆ, ಅದರ ಹಿಂದೆ ಇಣುಕ್ತಾ ನಿಂತ ಮೈದುನ.

ಮೊದಲನೇ ಸ್ವರ ದಪ್ಪ. ಒತ್ತಿದ್ರು. ಎರಡನೇದು, ಒತ್ತಿದ್ರು. ಮೂರು, ನಾಲ್ಕು. ಆಮೇಲೆ ಒಂದಷ್ಟು ಹೊತ್ತು ಏನೂ ಬರಲಿಲ್ಲ. ಗಾಜಿನಾಚೆ ಮಾತ್ರ ಮೈದುನನ ಹುಬ್ಬು ಮೇಲೇರಿತು, ಇಳೀತು. ಮತ್ತೆ ಏರಿತು. ಮೇಡಂ ಬೆರಳು ಯಾವಾಗ ಸ್ವರ ಕಳಿಸೋ ಗುಂಡಿ ಮೇಲೆ ಬೀಳುತ್ತೋ ಆಗೆಲ್ಲ ಹುಬ್ಬು ಕೂದಲು ಮುಟ್ತಿತ್ತು. ಅಭ್ಯಾಸ ಬಲ. ಪಾಪ, ಅವನಿಗೂ ಗೊತ್ತಿಲ್ದೆ ಪರೀಕ್ಷೇಲಿ ಕಾಪಿ ಹೊಡಿಸ್ತಿದ್ದ.

ಗಾಳಿಯಕ್ಕನ ಹೆಬ್ಬೆರಳು ಬಟನ್ ಮೇಲೇ ಇತ್ತು. ಒತ್ತಿದ್ರೆ ಮೇಡಂ ನಂಬ್ತಿದ್ರು ಕೂಡ.

ಅವರು ನಗ್ತಾ ತಲೆ ಅಲ್ಲಾಡಿಸಿದ್ರು. ಕಾಲಲ್ಲಿ ನೆಲ ಒದ್ದು, ಕುರ್ಚಿ ಸಮೇತ ಪೂರ್ತಿ ಆ ಕಡೆ ತಿರುಗಿ, ಗಾಜಿಗೆ ಬೆನ್ನು ಹಾಕಿ ಕೂತ್ರು. ಆಮೇಲೆ ಕಣ್ಣು ಮುಚ್ಚಿದ್ರು, ಈ ಸಲ ಪೂರ್ತಿ.